ಗೋಡೆಯಾಚೆಯ ಹೆಪ್ಪು

ಅವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ, ಅಡುಗೆಮನೆಗೆ ಹೋದ ಓಣಿಯ ಹೆಂಗಸರು ಮೊಸರಿನ ಪಾತ್ರೆಯನ್ನು ಹಿತ್ತಲಿಗೆ ಒಯ್ದು ಕರಿಬೇವಿನ ಗಿಡದ ಬುಡಕ್ಕೆ ಸುರಿದರು. ನಮ್ಮವರಿಗೆ ಸೂತಕವಿಲ್ಲ ಎಂದು ಸ್ವಾಮಿಗಳು ಹೇಳುತ್ತಾರೆ, ನಾವೂ ಹೇಳಿಕೊಳ್ಳುತ್ತೇವೆ. ಆದರೂ ಸಾವಾದ ಮನೆಯಲ್ಲಿ ಮೊಸರು ಉಳಿಸಿಕೊಂಡವರನ್ನು ನಾನು ಕಂಡಿಲ್ಲ. ಮೊಸರು ಮಣ್ಣಿನ ಮೇಲೆ ಹೋಳುಹೋಳಾಗಿ ಬಿತ್ತು. ಹಿಂದಿನ ಸಂಜೆ ಅದಕ್ಕೆ ಹೆಪ್ಪು ಹಾಕಿದ್ದು ಅವ್ವನೇ. ಅವಳು ಬೆಳಿಗ್ಗೆ ಏಳಲಿಲ್ಲ, ಮೊಸರು ಮಾತ್ರ ಗಟ್ಟಿಯಾಗಿ ಕೂತಿತ್ತು. ಅಲ್ಲಿಯವರೆಗೆ ಅಳುತ್ತಿದ್ದ ನಾನು ಆ ಬಿಳಿ ಹೋಳುಗಳನ್ನು ಕಂಡು ಸುಮ್ಮನಾದೆ. ಹಳೆಯ ಭಯವೊಂದು ಎದ್ದು ಕೂತಿತು. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ಒಂದು ಬೇಸಿಗೆಯಿಡೀ ನನ್ನೊಳಗೆ ಮನೆ ಮಾಡಿಕೊಂಡಿದ್ದ ಭಯ ಅದು. ಅವ್ವನ ಬಗ್ಗೆ ಬರೆಯಲು ಕೂತರೆ ಈಗ ಅದೇ ಮೊದಲು ಬರುತ್ತದೆ.

ಕೊಟ್ಟೂರಿನ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಮಾಳಿಗೆಯ ಬೆಳಕಿಂಡಿಯಿಂದ ಅಡುಗೆಮನೆಯ ನಡುವೆ ಒಂದು ರೊಟ್ಟಿಯಷ್ಟು ಬಿಸಿಲು ಬೀಳುತ್ತಿತ್ತು. ಮೊದಲು ಅದು ಒಂದೇ ಮನೆಯಾಗಿತ್ತು. ಅಪ್ಪ ಮತ್ತು ದೊಡ್ಡಪ್ಪ ಬೇರೆಯಾದಾಗ ಪಡಸಾಲೆಯ ನಡುವೆಯೂ ಹಿತ್ತಲಿನ ನಡುವೆಯೂ ಗೋಡೆ ಎದ್ದಿತು. ದೇವರ ಜಗಲಿ ಮತ್ತು ಅಜ್ಜಿ ನಮ್ಮ ಪಾಲಿಗೆ ಬಂದರು, ದನದ ಕೊಟ್ಟಿಗೆ ದೊಡ್ಡಪ್ಪನ ಪಾಲಿಗೆ ಹೋಯಿತು. ಹಿತ್ತಲಿನ ಗೋಡೆ ತಗ್ಗು. ಆಚೆ ಕಸಬರಿಗೆ ಆಡಿದರೆ ಈಚೆ ಕೇಳುತ್ತಿತ್ತು. ಹೊಲ, ಎತ್ತು, ಹಂಡೆ ಹಂಚಲು ಊರಿನ ಹಿರಿಯರು ಬಂದು ಕೂತಿದ್ದರಂತೆ. ಹೆಪ್ಪು ಹಂಚಿದ್ದು ಅಜ್ಜಿ ಒಬ್ಬಳೇ. ಹಳೆಯ ಗಡಿಗೆಯ ಮೊಸರನ್ನು ಎರಡು ಕುಡಿಕೆಗಳಿಗೆ ಹಾಕಿ, ಒಂದನ್ನು ಹಿರಿಸೊಸೆಯಾದ ದೊಡ್ಡವ್ವನ ಮುಂದೆ, ಇನ್ನೊಂದನ್ನು ಅವ್ವನ ಮುಂದೆ ಇಟ್ಟಳು. ಒಲೆ ಎರಡಾದರೂ ಮೊಸರು ಒಂದೇ ಇರಲಿ ಎಂದಳಂತೆ.

ಹೆಪ್ಪಿಗೆ ಅಜ್ಜಿಯ ಕಟ್ಟಳೆಗಳಿದ್ದವು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದು. ಕೈಯಿಂದ ಕೈಗೆ ಕೊಡಬಾರದು, ಹೊಸ್ತಿಲ ಮೇಲೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಕೊಟ್ಟವರು ಮರುದಿನ ‘ಹೆಪ್ಪಾತೇನು’ ಎಂದು ಯಾವ ಕಾರಣಕ್ಕೂ ಕೇಳಬಾರದು. ಕೇಳಿದರೆ ಎರಡು ಮನೆಯ ಗಡಿಗೆಯೂ ಕೆಡುತ್ತದೆ. ಇಸಕೊಂಡವರೇ ಹೇಗಾದರೂ ತಿಳಿಸಬೇಕು. ನಮ್ಮ ಓಣಿಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬೆಳಿಗ್ಗೆ ಮಜ್ಜಿಗೆ ಕಡೆಯುವ ಸಪ್ಪಳವೇ ಉತ್ತರ. ಹೆಪ್ಪು ಕೊಟ್ಟ ಗಡಿಗೆಗೂ ಹಾಕಿಸಿಕೊಂಡ ಗಡಿಗೆಗೂ ನಂಟು ಬೆಳೆಯುತ್ತದೆ, ಒಂದರ ಕೇಡು ಇನ್ನೊಂದಕ್ಕೆ ಮುಟ್ಟುತ್ತದೆ ಎಂದೂ ಅಜ್ಜಿ ಹೇಳುತ್ತಿದ್ದಳು. ನಾನು ಇದನ್ನೆಲ್ಲ ಮಗ್ಗಿಯಂತೆ ಕಲಿತು ನಂಬಿಕೊಂಡಿದ್ದೆ.

ದೊಡ್ಡವ್ವನಿಗೆ ನಾನು ಹೆದರುತ್ತಿದ್ದೆ. ಎತ್ತರದ ಹೆಂಗಸು, ಮೊಣಕೈ ಹತ್ತಿರದವರೆಗೂ ಹಸಿರು ಬಳೆ. ಅವಳು ಕೋಳಿ ಓಡಿಸಿದರೂ ನನ್ನನ್ನೇ ಬೈದಂತೆ ಕೇಳಿಸುತ್ತಿತ್ತು. ಆ ಬೇಸಿಗೆಯ ಆರಂಭದಲ್ಲಿ ನಮ್ಮ ಬಚ್ಚಲ ನೀರು ಗೋಡೆಯ ಬುಡ ಕೊರೆದು ಅವರ ಹಿತ್ತಲಿಗೆ ಹರಿಯಿತು. ಆಚೆಯಿಂದ ಅವಳು ಗೋಡೆಯ ಮೇಲೆ ಮುಖ ಚಾಚಿದಳು.

“ಶಾಂತೀ, ನಿನ್ನ ಬಚ್ಚಲ ನೀರು ನನ್ನ ಕಟಿಗಿ ರಾಶಿ ತನಕ ಬಂದೈತಿ. ಕಣ್ಣಿಗೆ ಕಾಣವಲ್ದೇನು?”

“ಗೋಡಿ ಕಟ್ಟಿಸಿದವರು ನೀವಽ ಅಕ್ಕಾ. ಯಾರ ಪಾಲು ಎಲ್ಲಿಗೆ ಮುಗೀತೈತಿ ಅಂತ ನೀರಿಗೆ ಹೇಳಿ ಕಳಿಸ್ರಿ,” ಎಂದಳು ಅವ್ವ.

ನೀರು ತುಂಬಲು ಬಂದಿದ್ದ ಎದುರುಮನೆಯ ನೀಲಮ್ಮ ಕಿಸಕ್ಕನೆ ನಕ್ಕಳು. ಆ ನಗು ಇರದಿದ್ದರೆ ಜಗಳ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ದೊಡ್ಡವ್ವನ ಮುಖ ಕಪ್ಪಿಟ್ಟಿತು.

“ನಗ್ರಿ, ನಗ್ರಿ. ನಿಮ್ಮ ಮನ್ಯಾಗ ಹಾಲು ಹೆಪ್ಪಾಗಬಾರ್ದು, ಆವಾಗ ತಿಳಿತೈತಿ.”

ನೀಲಮ್ಮ ಕೊಡ ಎತ್ತಿಕೊಂಡು ಹೋದಳು. ಒಳಗಿನಿಂದ ಅಜ್ಜಿ ಬಂದು, “ಬಾಯಿ ತೊಳ್ಕೋ ಹೋಗು, ಹಿರೇ ಸೊಸಿ ಆಡೋ ಮಾತೇನು ಇದು?” ಎಂದಳು. ಗೋಡೆಯ ಮೇಲಿನ ಮುಖ ಇಳಿದುಹೋಯಿತು. ಅವ್ವ ಏನೂ ಆಗದವಳಂತೆ ಗಡಿಗೆ ತೊಳೆದು ಅದೇ ಗೋಡೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದಳು. ದಿನಾ ಹಾಗೆ ಬಿಸಿಲಿಗೆ ಹಾಕುವುದು ಅವಳ ರೂಢಿ.

ಕೆಲವು ವಾರಗಳಲ್ಲಿ ಅವ್ವನಿಗೆ ಒಗ್ಗರಣೆಯ ವಾಸನೆ ಸೇರದಾಯಿತು. ರೊಟ್ಟಿ ಬಡಿಯುತ್ತಿದ್ದವಳು ಎದ್ದು ಹೋಗಿ ಬಚ್ಚಲಲ್ಲಿ ಕಾರಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಬೆಳಕಿಂಡಿಯ ಬಿಸಿಲಿನಲ್ಲಿ ಕೂತು ನನ್ನ ಜಡೆ ಹೆಣೆಯುತ್ತಿದ್ದಾಗ ನಾನು ತಿರುಗಿ ಅವಳ ಮುಖ ನೋಡಿದೆ. ಕಣ್ಣಿನ ಬಿಳುಪು ಹಳದಿಯಾಗಿತ್ತು. “ಅವ್ವಾ, ನಿನ್ನ ಕಣ್ಣು” ಎಂದೆ. ಅವಳು ಕನ್ನಡಿ ತರಿಸಲಿಲ್ಲ, ಉಗುರುಗಳನ್ನು ಬಿಸಿಲಿಗೆ ಹಿಡಿದು ನೋಡಿಕೊಂಡಳು. ಆಮೇಲೆ ನನ್ನ ಜಡೆಯನ್ನು ಪೂರ್ತಿ ಹೆಣೆದು ಮುಗಿಸಿದಳು. ಕಾಮಾಲೆ ಎಂಬ ಮಾತನ್ನು ಮೊದಲು ಆಡಿದ್ದು ಅಜ್ಜಿ. ನೀಲಮ್ಮನ ಮೈದುನ ಹಿಂದಿನ ವರ್ಷ ಅದರಲ್ಲೇ ಹೋಗಿದ್ದ. ಅವನ ಹೆಣವನ್ನು ಕೂಡಿಸಿ ಒಯ್ದಾಗ ಹೂವಿನ ನಡುವೆ ಕಂಡ ಅವನ ಕೈಯ ಬಣ್ಣ ನನಗೆ ನೆನಪಿತ್ತು. ಅಂದಿನಿಂದ ಹಳದಿಯಾದದ್ದೆಲ್ಲ ನನ್ನನ್ನು ಹೆದರಿಸತೊಡಗಿತು. ಅರಿಶಿಣದ ಡಬ್ಬಿಯನ್ನು ನುಚ್ಚಿನ ಗುಡಾಣದ ಹಿಂದೆ ಬಚ್ಚಿಟ್ಟೆ. ಮಧ್ಯಾಹ್ನ ಅವ್ವ ಮಲಗಿದರೆ ಅವಳ ಸೆರಗು ಏಳುತ್ತಿದೆಯೋ ಇಲ್ಲವೋ ನೋಡುತ್ತ ಬಾಗಿಲಲ್ಲೇ ಕೂತಿರುತ್ತಿದ್ದೆ.

ಹರಪನಹಳ್ಳಿಯ ಡಾಕ್ಟರು ಮಾತ್ರೆ ಕೊಟ್ಟು, ಎಣ್ಣೆ ಬೇಡ, ಮಜ್ಜಿಗೆ ಅನ್ನ ಕೊಡಿ, ಎದ್ದು ಕೆಲಸ ಮಾಡಬಾರದು ಎಂದರು. ಅಜ್ಜಿಗೆ ಅಷ್ಟು ಸಾಲಲಿಲ್ಲ. ಕೋಗಳಿಯ ಕಡೆ ಒಬ್ಬ ಮುದುಕ ಕಾಮಾಲೆಗೆ ಸೊಪ್ಪಿನ ರಸ ಕೊಡುತ್ತಿದ್ದ. ಅಪ್ಪ ಸೈಕಲ್ ಅಂಗಡಿ ಮುಚ್ಚಿ, ನನ್ನನ್ನೂ ಕರೆದುಕೊಂಡು ಬಸ್ಸಿನಲ್ಲಿ ಹೋದ. ಮುದುಕ ಸೊಪ್ಪಿನ ಕಟ್ಟನ್ನು ಕೊಟ್ಟು ಅಪ್ಪನಿಗೆ ಹೇಳಿದ:

“ಇದನ್ನ ಅರದು ಮಜ್ಜಿಗ್ಯಾಗ ಕಲಸಿ ಹಸದ ಹೊಟ್ಟಿಗಿ ಕುಡಿಸ್ರಿ. ಹೋಟೆಲ್ಲಿಂದು, ಅಂಗಡೀದು ಬ್ಯಾಡ. ಎಂದೂ ಹೆಪ್ಪು ಕೆಡದ ಮನೀದು ಆಗಬೇಕು. ಉಪ್ಪು ಹಾಕಂಗಿಲ್ಲ.”

“ನಮ್ಮ ಮನ್ಯಾಗ ಎಂದೂ ಕೆಟ್ಟಿಲ್ಲರೀ,” ಎಂದ ಅಪ್ಪ. ನಿಜವಾಗಿಯೂ ಕೆಟ್ಟಿರಲಿಲ್ಲ.

ಅದೇ ವಾರ ಕೆಟ್ಟಿತು. ಬೆಳಿಗ್ಗೆ ಅಜ್ಜಿ ಗಡಿಗೆಗೆ ಸೌಟು ಹಾಕಿ ಎತ್ತಿದಾಗ ಮೊಸರು ಸೌಟಿನಿಂದ ಕೆಳಗೆ ಉದ್ದಕ್ಕೆ ನೂಲಿನಂತೆ ಇಳಿಯಿತು. ಅಂಟು ಅಂಟಾಗಿ, ಬಸವನಹುಳ ಹೋದ ದಾರಿಯಂತೆ ಹೊಳೆಯುತ್ತಿತ್ತು. ಅಜ್ಜಿ ಸೌಟನ್ನು ಹಿಡಿದುಕೊಂಡೇ ನಿಂತಳು. ಅವಳು ಗೋಡೆಯ ಕಡೆ ನೋಡಿದ್ದನ್ನು ನಾನು ಕಂಡೆ. ಆ ಕ್ಷಣದಲ್ಲಿ ನನ್ನ ಲೆಕ್ಕ ಕೂಡಿಬಂತು. ದೊಡ್ಡವ್ವನ ಮಾತು ಫಲಿಸಿದೆ, ಹಾಲು ಹೆಪ್ಪಾಗುತ್ತಿಲ್ಲ, ಅವ್ವನ ಔಷಧಿಗೆ ಮಜ್ಜಿಗೆ ಇಲ್ಲ, ಆದ್ದರಿಂದ ಅವ್ವ ಬದುಕುವುದಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಅದು ಬೇಗ ಆಗಿಬಿಡುತ್ತದೆ ಎಂದುಕೊಂಡಿದ್ದೆ.

ಅಜ್ಜಿ ನನ್ನ ಕೈಗೆ ಬಟ್ಟಲು ಕೊಟ್ಟು ನೀಲಮ್ಮನ ಮನೆಗೆ ಕಳಿಸಿದಳು.

“ಇವತ್ತು ಸ್ವಾಮಾರ ಅಲ್ಲೇನವಾ, ಸ್ವಾಮಾರ ನಾವು ಹೆಪ್ಪು ಕೊಡಂಗಿಲ್ಲ,” ಎಂದಳು ನೀಲಮ್ಮ ಬಾಗಿಲಿಗೆ ಅಡ್ಡ ನಿಂತು. ಮರುದಿನ ಹೋದರೆ, “ಎಲ್ಲಾ ಖಾಲಿ ಆಗೈತಿ ನೋಡು” ಎಂದಳು. ಅವಳ ಹಿಂದೆ ನೆಲುವಿನಲ್ಲಿ ತೂಗುಬಿಟ್ಟ ಗಡಿಗೆಯ ಬಾಯಿಗೆ ಮೊಸರಿನ ಕೆನೆ ಅಂಟಿದ್ದು ನನಗೆ ಕಾಣುತ್ತಿತ್ತು. ಅವಳ ಕಂಕುಳಲ್ಲಿ ಕೂಸಿತ್ತು. ಕಾಮಾಲೆ ಇರುವ ಮನೆಗೆ ಹೆಪ್ಪು ಕೊಟ್ಟು ನಂಟು ಬೆಳೆಸಲು ಅವಳಿಗೆ ಹೆದರಿಕೆ. ನಾನೂ ಆ ಕಟ್ಟಳೆಯನ್ನೇ ನಂಬಿದವಳಾದ್ದರಿಂದ ಅವಳ ಮೇಲೆ ಸಿಟ್ಟು ಬರಲಿಲ್ಲ. ನಮ್ಮ ಮನೆ ಈಗ ಹೆದರಬೇಕಾದ ಮನೆ ಎಂದು ತಿಳಿದು ಖಾಲಿ ಬಟ್ಟಲನ್ನು ಅವಚಿಕೊಂಡು ಓಡಿಬಂದೆ.

ಆಮೇಲೆ ಅಜ್ಜಿ ಅಡುಗೆಮನೆಯ ನೆಲದ ಮೇಲೆ ಬಟ್ಟಲುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಳು. ಒಂದರಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಿಂದ ಅಪ್ಪ ತಂದ ಮೊಸರು. ಇನ್ನೊಂದರಲ್ಲಿ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಬೆಚ್ಚನೆಯ ಹಾಲಿಗೆ ಹಾಕಿ ಅವಳೇ ಹುಟ್ಟಿಸಲು ನೋಡಿದ ಹೆಪ್ಪು. ಮತ್ತೊಂದರಲ್ಲಿ ನಮ್ಮದೇ ಕೆಟ್ಟ ಮೊಸರಿನ ತಳದ ಒಂದು ಚಮಚ. ಅದನ್ನು ಬಿಡಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಅವಳು ಒಂದೊಂದಕ್ಕೂ ಕಿರುಬೆರಳು ಅದ್ದಿ ಎಳೆದು ನೋಡಿದಳು, ಮೂಸಿದಳು, ಬಟ್ಟಲನ್ನು ಓರೆ ಮಾಡಿ ಒಡೆಯುವ ಬಗೆ ನೋಡಿದಳು. ಒಳ್ಳೆಯ ಹೆಪ್ಪು ಒಡೆದರೆ ಅಂಚು ಚೂಪಾಗಿ ನಿಲ್ಲಬೇಕು, ನೀರು ತಿಳಿಯಾಗಿರಬೇಕು, ವಾಸನೆ ಹುಳಿಯಾದರೂ ಮೂಗಿಗೆ ಹೊಡೆಯಬಾರದು ಎಂದು ನನಗೆ ಹೇಳುತ್ತ ಹೋದಳು. ಖಾನಾವಳಿಯದಕ್ಕೆ “ಯಾರ್ಯಾರ ಕೈ ಬಿದ್ದೈತೋ” ಎಂದಳು. ಮೆಣಸಿನ ತೊಟ್ಟಿನದು ಅರ್ಧ ಹೆಪ್ಪಾಗಿತ್ತು. ಅದನ್ನೇ ಆರಿಸಿ, ದೇವರ ಜಗಲಿಯ ಮುಂದೆ ಇಟ್ಟು ಕೈ ಮುಗಿದು, ಸಂಜೆ ಹಾಲಿಗೆ ಹಾಕಿದಳು. ಹಾಕಿದ್ದು ಅದೇ ಹಳೆಯ ಗಡಿಗೆಯಲ್ಲಿ. ಅವಳ ಅತ್ತೆಯ ಕಾಲದ ಗಡಿಗೆ, ಅದನ್ನೂ ಬಿಟ್ಟರೆ ಮನೆಗೆ ಏನು ಉಳಿಯಿತು ಎಂಬುದು ಅವಳ ಹೆದರಿಕೆ. ಬೆಳಿಗ್ಗೆ ಸೌಟಿನಿಂದ ಮತ್ತೆ ನೂಲು ಇಳಿಯಿತು.

ಅವ್ವ ಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಸೊಪ್ಪಿನ ಕಟ್ಟು ಬಾಡಿ ಮೂಲೆಯಲ್ಲಿ ಬಿದ್ದಿತ್ತು. ಆ ಇಳಿಹೊತ್ತು ಅವಳು ನನ್ನನ್ನು ಕರೆದಳು.

“ಸರೂ, ಬಟ್ಲ ತಗೊಂಡು ಅಕ್ಕನ ಮನಿಗಿ ಹೋಗು. ಹೆಪ್ಪು ಇಸಗಂಬಾ.”

ಅಜ್ಜಿ ಬಾಗಿಲಿಗೆ ಬಂದಳು. “ಯಾವ ಅಕ್ಕ? ಬಾಯಿ ಬಿಟ್ಟು ಶಾಪ ಹಾಕ್ಯಾಳ ಆಕಿ. ಆಕಿ ಕೈಯಾಂದು ಕುಡೀತಿಯೇನು?”

“ಹಾಕಿದಾಕಿನಽ ತಗೀಬೇಕಲ್ಲರೀ ಅತ್ತೀ. ಮತ್ಯಾರು ತಗೀತಾರ?”

“ಹೆಚ್ಚು ಕಡಿಮಿ ಆದ್ರ?”

“ಆದ್ರ ಆಕಿ ಮ್ಯಾಲ ಬರತೈತಿ. ಅದಕ್ಕಽ ಚಲೋದು ನೋಡಿ ಕೊಡ್ತಾಳ,” ಎಂದು ಅವ್ವ ನಕ್ಕಳು. ಹಳದಿ ಕಣ್ಣುಗಳ ನಗು. ಅದನ್ನು ನೋಡಲಾರದೆ ನಾನು ಬಟ್ಟಲು ಎತ್ತಿಕೊಂಡೆ.

ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಒಂದು ಕಟ್ಟೆಯ ದೂರ. ದೊಡ್ಡವ್ವ ಹೊಸ್ತಿಲ ಬಳಿ ಮೊರ ಇಟ್ಟುಕೊಂಡು ಶೇಂಗಾ ಸುಲಿಯುತ್ತಿದ್ದಳು. ನನ್ನನ್ನು ನೋಡಲಿಲ್ಲ, ಬಟ್ಟಲನ್ನು ನೋಡಿದಳು. ಕೈ ನಿಂತಿತು.

“ಯಾರು ಕಳಿಸಿದ್ರು? ನಿಮ್ಮಜ್ಜಿಯೇನು?”

“ಅವ್ವ.”

“ಏನಂತ ಹೇಳಿ ಕಳಿಸಿದ್ಲು?”

“ಅಕ್ಕನ ಮನಿಯಿಂದ ಹೆಪ್ಪು ಇಸಗಂಬಾ ಅಂದ್ಲು.”

ಅವಳು ಮೊರ ಸರಿಸಿ ಒಳಗೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಓಣಿಯಲ್ಲಿ ಬೆಳಕು ಇಳಿಯುತ್ತಿತ್ತು. ಯಾರಾದರೂ ದೀಪ ಹಚ್ಚಿಬಿಟ್ಟರೆ ಹೆಪ್ಪು ಸಿಗುವುದಿಲ್ಲ, ನಾಳೆಯ ಹೊತ್ತಿಗೆ ಅವ್ವ ಇರುತ್ತಾಳೋ ಇಲ್ಲವೋ. ನಾನು ಕತ್ತು ಚಾಚಿ ಒಳಗೆ ನೋಡಿದೆ. ದೊಡ್ಡವ್ವ ಅಡುಗೆಮನೆಯ ಕಂಬಕ್ಕೆ ಹಣೆ ಹಚ್ಚಿ ನಿಂತಿದ್ದಳು. ಅವಳ ಬಳೆಗಳು ತಾವಾಗಿಯೇ ಸಣ್ಣಗೆ ಸದ್ದು ಮಾಡುತ್ತಿದ್ದವು. ಕೈ ನಡುಗಿದರೆ ಬಳೆಗಳು ಹಾಗೆ ಸದ್ದು ಮಾಡುತ್ತವೆ ಎಂದು ನನಗೆ ಆಗ ಗೊತ್ತಾಯಿತು. ದೊಡ್ಡವರು, ಅದರಲ್ಲೂ ದೊಡ್ಡವ್ವ, ಹೆದರುತ್ತಾರೆ ಎಂದೂ ಗೊತ್ತಾಯಿತು. ಅದರಿಂದ ನನ್ನ ಭಯ ಕಡಿಮೆಯಾಗಲಿಲ್ಲ. ಅವಳೇ ಹೆದರಿದ್ದಾಳೆಂದರೆ ಆಗುವುದು ಖಂಡಿತ ಎಂದುಕೊಂಡೆ.

ಹೊರಗೆ ಬಂದವಳು ನನ್ನ ಬಟ್ಟಲನ್ನು ಕೇಳಲಿಲ್ಲ. ಅವಳ ಕೈಯಲ್ಲೇ ಒಂದು ಸಣ್ಣ ಮಣ್ಣಿನ ಕುಡಿಕೆ ಇತ್ತು. ಒಳಗೆ, ತಳದಲ್ಲಿ, ಅಂಚು ಚೂಪಾಗಿ ಒಡೆದ ಮೊಸರು.

“ನಿಮ್ಮ ಹಳೇ ಗಡಿಗಿ ಮುಟ್ಟಬ್ಯಾಡ್ರಿ. ಶಾಂತಿ ಮಲಗಿದಾಗಿಂದ ಅದು ಬಿಸಲು ಕಂಡಿಲ್ಲ. ದಿನಾ ಗೋಡಿ ಮ್ಯಾಲ ನೋಡ್ತೀನಿ ನಾನು, ಬೋರಲು ಹಾಕಿದ್ದು ಕಾಣವಲ್ದು,” ಎಂದಳು. “ಈ ಕುಡಿಕ್ಯಾಗಽ ಹಾಲು ಹಾಕು. ಬೆರಳಿಟ್ರ ಬೆಚ್ಚಗ ಇರಬೇಕು, ಸುಡಬಾರ್ದು.”

ಕುಡಿಕೆಯನ್ನು ಹೊಸ್ತಿಲ ಮೇಲೆ ಇಟ್ಟಳು. ನಾನು ಎತ್ತಿಕೊಂಡೆ. “ನಿಮ್ಮವ್ವ…” ಎಂದು ಬಾಯಿ ತೆರೆದವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕೇಳಬಾರದ್ದು ಹೆಪ್ಪಿನ ಬಗ್ಗೆ ಮಾತ್ರ. ಅವ್ವನ ಬಗ್ಗೆ ಕೇಳಿದರೂ ಮುರಿದೀತೆಂದು ಅವಳಿಗೆ ಅನ್ನಿಸಿರಬೇಕು.

ಅಜ್ಜಿ ಆ ಕುಡಿಕೆಯನ್ನು ಮುಟ್ಟಲಿಲ್ಲ. ಹಾಲನ್ನು ಅವ್ವನ ಹಾಸಿಗೆಯ ಪಕ್ಕಕ್ಕೇ ತಂದುಕೊಟ್ಟೆ. ಅವಳು ಹಳದಿ ಬೆರಳನ್ನು ಹಾಲಿಗಿಟ್ಟು ನೋಡಿ, ಇನ್ನಷ್ಟು ಆರಲಿ ಎಂದಳು, ಮತ್ತೆ ನೋಡಿದಳು, ಆಮೇಲೆ ಹಾಕಿಸಿದಳು. ಕುಡಿಕೆಗೆ ಬಟ್ಟೆ ಸುತ್ತಿ ಜೋಳದ ಡಬ್ಬಿಯೊಳಗೆ ಹೂತಿಟ್ಟೆ. ಬೆಳಗಾದ ಮೇಲೆ ಅದನ್ನು ತೆಗೆದು ನೋಡುವವರೇ ಇರಲಿಲ್ಲ. ಅಪ್ಪ ಅಂಗಡಿಗೆ ಬೇಗ ಹೋಗಬೇಕೆಂದ. ಅಜ್ಜಿ ಲಿಂಗಪೂಜೆಗೆ ಕೂತವಳು ಏಳಲೇ ಇಲ್ಲ. ಹಿತ್ತಲಿನ ಗೋಡೆಯಾಚೆ ದೊಡ್ಡವ್ವ ಕಸ ಗುಡಿಸುವುದು ಕೇಳುತ್ತಿತ್ತು. ಗುಡಿಸಿದ ಜಾಗವನ್ನೇ ಮತ್ತೆ ಮತ್ತೆ ಗುಡಿಸುತ್ತಿದ್ದಳು.

“ನೀನಽ ತಗದು ನೋಡು, ಸರೂ,” ಎಂದಳು ಅವ್ವ.

ಜೋಳದೊಳಗೆ ಕೈ ಹಾಕಿದಾಗ ಕುಡಿಕೆ ಇನ್ನೂ ಬೆಚ್ಚಗಿತ್ತು. ಅದನ್ನು ಅವ್ವನ ಮುಂದೆ ಇಟ್ಟು ಬಟ್ಟೆ ಬಿಚ್ಚಿದೆ. ಕಣ್ಣು ಮುಚ್ಚಿಕೊಂಡು ಓರೆ ಮಾಡಿದೆ. ಏನೂ ಚೆಲ್ಲಲಿಲ್ಲ. ಕಣ್ಣು ತೆರೆದರೆ ಮೊಸರು ಕುಡಿಕೆಯ ಜೊತೆಗೇ ಓರೆಯಾಗಿ ನಿಂತಿತ್ತು. ಚಮಚ ಹಾಕಿ ಎತ್ತಿದೆ. ಚೂಪಾಗಿ ಒಡೆಯಿತು, ನೂಲಿಲ್ಲ. ಗೋಡೆಯಾಚೆ ಕಸಬರಿಗೆಯ ಸದ್ದು ನಿಂತುಹೋಗಿತ್ತು.

“ಅತ್ತೀ, ಕಡೀರಿ,” ಎಂದು ಅವ್ವ ಕೂಗಿದಳು. ಅಜ್ಜಿ ಜಗಲಿಯ ಮುಂದಿನಿಂದ ಅಲುಗಲಿಲ್ಲ. ಅವ್ವ ನನ್ನ ಕಡೆ ನೋಡಿದಳು. “ಕಡಗೋಲು ತಗೋ. ಹಿತ್ತಲ ಗೋಡಿಗೆ ಬೆನ್ನು ಹಚ್ಚಿ ಕುಂತು ಕಡಿ. ಜೋರಾಗಿ ಕಡಿ.”

ಅದುವರೆಗೆ ನಾನು ಕಡಗೋಲು ಹಿಡಿದವಳಲ್ಲ. ಮೊಸರು ಸುರಿದುಕೊಂಡ ಪಾತ್ರೆಯನ್ನು ಪಾದಗಳ ನಡುವೆ ಒತ್ತಿ ಹಿಡಿದು, ಬೆನ್ನನ್ನು ಗೋಡೆಗೆ ಕೊಟ್ಟು, ಅಂಗೈ ಉರಿಯುವವರೆಗೆ ಉಜ್ಜಿದೆ. ಮಜ್ಜಿಗೆ ಮುಖಕ್ಕೆ ಸಿಡಿಯಿತು. ಗೋಡೆಯಾಚೆ ಮೂಗು ಸೀನಿದ ಸದ್ದು, ಅದರ ಹಿಂದೆಯೇ ಯಾರಿಗೂ ಅಲ್ಲವೆಂಬಂತೆ ಒಂದು ಮಾತು:

“ಈ ಹುಡುಗಿ ಕಡಗೋಲು ಹಿಡಿಯೋ ಚಂದಕ್ಕ ಬೆಣ್ಣಿ ಬಂದಂಗ ಐತಿ.”

ಒಳಗೆ ಅವ್ವ ನಕ್ಕಿದ್ದು ಕೇಳಿಸಿತು.

ಅವ್ವನನ್ನು ಉಳಿಸಿದ್ದು ಮಾತ್ರೆಯೋ, ಸೊಪ್ಪೋ, ಮಲಗಿದ್ದೋ ನನಗೆ ಗೊತ್ತಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಅವಳ ಉಗುರುಗಳು ಬಿಳುಪಾದವು. ಬಚ್ಚಲ ನೀರಿನ ಜಗಳ ಮತ್ತೆ ಶುರುವಾಯಿತು. ಅವರಿಬ್ಬರೂ ಇಪ್ಪತ್ತು ಮೂವತ್ತು ವರ್ಷ ಬೇಕಾದಷ್ಟು ಬೈದಾಡಿಕೊಂಡರು, ಹಾಲಿನ ಮಾತನ್ನು ಮಾತ್ರ ಎತ್ತಲಿಲ್ಲ. ನನ್ನೊಳಗೆ ಆ ಬೇಸಿಗೆ ಮುಗಿಯಲಿಲ್ಲ. ಮದುವೆಯಾಗಿ ಹಡಗಲಿಗೆ ಹೋದ ಮೇಲೂ, ಬೆಳಿಗ್ಗೆ ಎದ್ದು ಮಕ್ಕಳ ಮುಖ ನೋಡುವ ಮೊದಲು ಮೊಸರಿನ ಮುಚ್ಚಳ ತೆಗೆದು ನೋಡುವುದು ನನಗೆ ಬಿಡಲಿಲ್ಲ.

ಅವ್ವ ತೀರಿದ ಮೇಲಿನ ಕಾರ್ಯಗಳು ಮುಗಿದು ಒಂದು ಸಂಜೆ ದೊಡ್ಡವ್ವ ಬಂದಳು. ಈಗ ಅವಳ ಬೆನ್ನು ಬಾಗಿದೆ, ಕಿವಿ ಪೂರ್ತಿ ಹೋಗಿದೆ, ಕೈಯಲ್ಲಿ ಬಳೆ ಇಲ್ಲ. ಗೋಡೆ ಹಿಡಿದುಕೊಂಡು ಕಟ್ಟೆ ದಾಟಿ, ದೀಪ ಹಚ್ಚುವುದಕ್ಕೆ ಮುಂಚೆ, ನಮ್ಮ ಹೊಸ್ತಿಲ ಮೇಲೆ ಒಂದು ಕುಡಿಕೆ ಇಟ್ಟಳು. ನನ್ನ ಮುಖ ನೋಡದೆ ತಿರುಗಿ ಹೋದಳು. ಫ್ರಿಜ್ಜಿನಲ್ಲಿ, ಆ ಬೇಸಿಗೆಯ ನಂತರ ಹುಟ್ಟಿದ ನನ್ನ ತಮ್ಮ ತಂದಿಟ್ಟ ಪ್ಯಾಕೆಟ್ ಮೊಸರಿತ್ತು. ನೀಲಮ್ಮನ ಸೊಸೆ ಬಟ್ಟಲಲ್ಲಿ ಕಳಿಸಿದ್ದೂ ಇತ್ತು. ನಾನು ಹಾಲು ಕಾಸಿ, ಆರಿಸಿ, ಬೆರಳಿಟ್ಟು ನೋಡಿದೆ. ಇನ್ನಷ್ಟು ಆರಲಿ ಎಂದು ಬಿಟ್ಟು ಮತ್ತೆ ನೋಡಿದೆ. ಯಾರಿಗಾಗಿ ಹೆದರುತ್ತಿದ್ದೆನೋ ಅವಳು ಹೋಗಿಯಾಗಿತ್ತು. ಆದರೂ, ಇದು ಹೆಪ್ಪಾಗದಿದ್ದರೆ ಗೋಡೆಯಾಚೆಯ ಮುದುಕಿ ತನ್ನ ಹಳೆಯ ಮಾತೇ ಕೊನೆಗೂ ಅವ್ವನನ್ನು ತಿಂದಿತು ಎಂದುಕೊಂಡಾಳೆಂದು ಭಯವಾಯಿತು. ಆ ಕುಡಿಕೆಯಲ್ಲೇ ಹಾಲು ಹಾಕಿದೆ.

ಬೆಳಿಗ್ಗೆ ಅದು ಗಟ್ಟಿಯಾಗಿ ಕೂತಿತ್ತು. ಅಟ್ಟದ ಮೇಲಿನ ಕಡಗೋಲು ಇಳಿಸಿ, ಧೂಳು ತೊಳೆದು, ಹಿತ್ತಲಿನ ಗೋಡೆಗೆ ಬೆನ್ನು ಕೊಟ್ಟು ಕಡೆಯತೊಡಗಿದೆ. ಅಂಗೈ ಉರಿಯುವ ಹೊತ್ತಿಗೆ, ಅವಳಿಗೆ ಇದು ಕೇಳುವುದಿಲ್ಲ ಎಂದು ನೆನಪಾಯಿತು. ಎದ್ದು ಗೋಡೆಯ ಮೇಲಿಂದ ನೋಡಿದೆ. ಆಚೆ ದೊಡ್ಡವ್ವ ಗೋಡೆಗೆ ಮುಖ ಮಾಡಿ ಬಿಸಿಲಿನಲ್ಲಿ ಕೂತಿದ್ದಳು, ಮಡಿಲಲ್ಲಿ ಎರಡೂ ಕೈ. ನಾನು ಲೋಟಕ್ಕೆ ಮಜ್ಜಿಗೆ ಬಗ್ಗಿಸಿಕೊಂಡು, ಕಟ್ಟೆ ದಾಟಿ, ಅವರ ಮನೆಯೊಳಗಿಂದ ಹಿತ್ತಲಿಗೆ ಹೋಗಿ ಅವಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂತೆ. ಅವಳು ಲೋಟದೊಳಗೆ ನೋಡಿದಳು, ಮೂಸಿದಳು, ಒಂದು ಗುಟುಕು ಕುಡಿದಳು.

“ಉಪ್ಪು ಹಾಕಿಲ್ಲ,” ಎಂದಳು.

ನನ್ನ ಕೈ ಉಪ್ಪಿನ ಡಬ್ಬಿಗೆ ಹೋಗಿರಲೇ ಇಲ್ಲ. ಆ ಬೇಸಿಗೆಯಿಡೀ ಅವ್ವ ಸೊಪ್ಪಿನ ಔಷಧಿಗೆ ಕುಡಿದದ್ದು ಹೀಗೇ, ಸಪ್ಪೆಯದು. ತರುತ್ತೇನೆ ಎಂದು ನಾನು ಏಳಹೋದೆ. ದೊಡ್ಡವ್ವ ನನ್ನ ಸೆರಗು ಹಿಡಿದು ಕೂಡಿಸಿದಳು. ಬಿಡದೆ ಹಾಗೆಯೇ ಹಿಡಿದುಕೊಂಡು, ಉಳಿದದ್ದನ್ನು ತಳದವರೆಗೆ ಕುಡಿದಳು.